ನಿನ್ನೆ ಎಲ್ಲಿ ಮಲಗಿದ್ದಿರಿ

ಪ್ರವಾಸಕ್ಕೆ ಬಂದವರು ನನ್ನನ್ನು ಮೊದಲು ಕೇಳುವುದು ಇಲ್ಲಿ ಏನೇನು ನೋಡಬಹುದು ಎಂದು. ನಾನು ಅವರನ್ನು ಮೊದಲು ಕೇಳುವುದು ನಿನ್ನೆ ಎಲ್ಲಿ ಮಲಗಿದ್ದಿರಿ ಎಂದು. ಕೆಲವರು ಹುಬ್ಬು ಗಂಟಿಕ್ಕುತ್ತಾರೆ, ಕೆಲವರು ಹೆಂಡತಿಯ ಮುಖ ನೋಡುತ್ತಾರೆ. ಆದರೆ ಕೇಳದೆ ವಿಧಿಯಿಲ್ಲ. ನಮ್ಮ ಸೀಮೆಯಲ್ಲಿ ನಿಮ್ಮ ಕೊನೆಯ ನಿದ್ದೆ ಯಾವ ಊರಿನ ಎಲ್ಲೆಯೊಳಗೆ ಮುರಿಯಿತೋ ಆ ಊರಿನ ನೋಟ ನಿಮಗೆ ಕಾಣುವುದಿಲ್ಲ. ಬೇರೆ ಎಲ್ಲಾದರೂ ಮಲಗಿ ಎದ್ದು ಬಂದರೆ ಕಾಣುತ್ತದೆ. ಅಷ್ಟೇ ವಿಷಯ.

ಹಾಗಾಗಿ ನಮ್ಮ ಊರಿನ ಜಲಪಾತವನ್ನು, ನಾವು ಧಾರೆ ಎನ್ನುವುದನ್ನು, ನಮ್ಮ ಊರಿನವರು ನೋಡುವುದು ಅಪರೂಪ. ನೆಂಟರ ಮನೆಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ಕಂಡರೆ, ಓ, ಬೀಳ್ತಾ ಇದೆ ಎಂದುಕೊಂಡು ಮನೆಗೆ ಹೋಗುತ್ತಾರೆ. ಉಳಿದ ದಿನ ನಮಗೆ ಅದು ಬಂಡೆ. ಅಗಲವಾದ, ಕಪ್ಪಗಿನ, ಒಳ್ಳೆ ಬಿಸಿಲು ಬೀಳುವ ಬಂಡೆ. ಇಡೀ ಊರಿನ ಹೆಂಗಸರು ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸುವುದು ಅಲ್ಲೇ. ಹೊರಗಿನಿಂದ ಬಂದವರ ಕಣ್ಣಿಗೆ ಇದು ಹೇಗೆ ಕಾಣುತ್ತದೆಂದರೆ, ತಲೆಯ ಮೇಲೆ ಮೊರ ಹೊತ್ತ ಹೆಂಗಸೊಬ್ಬಳು ಭೋರ್ಗರೆಯುವ ನೀರಿನೊಳಗೆ ನಡೆದು ಹೋಗಿ ಮರೆಯಾಗುತ್ತಾಳೆ, ಸ್ವಲ್ಪ ಹೊತ್ತಿನ ಮೇಲೆ ಸೆರಗಿನ ತುದಿಯೂ ನೆನೆಯದೆ ಈಚೆಗೆ ಬರುತ್ತಾಳೆ. ಒಮ್ಮೆ ಯಾರೋ ಯಾತ್ರಿಕರು ಎದೆ ಹಿಡಿದುಕೊಂಡು ಕುಸಿದು ಕೂತರಂತೆ. ಅಂದಿನಿಂದ ಬಂಡೆಗೆ ಹೋಗುವ ಹೆಂಗಸರು ಕೊಡೆ ಬಿಚ್ಚಿಕೊಂಡು ಹೋಗುತ್ತಾರೆ. ಅವರಿಗೆ ಕೊಡೆಯ ಅಗತ್ಯವಿಲ್ಲ. ನೋಡುವವರ ಸಮಾಧಾನಕ್ಕೆ ಒಂದು ಮರ್ಯಾದೆ.

ಪಕ್ಕದ ಕಡಂಬಾಳದಲ್ಲಿ ದೊಡ್ಡ ಕೆರೆಯಿದೆ, ಬೆಳಿಗ್ಗೆ ಆಕಾಶವೆಲ್ಲ ಅದರೊಳಗೇ ಇರುತ್ತದೆ. ಕಡಂಬಾಳದವರಿಗೆ ಅದು ರಾಗಿ ಹೊಲ. ಅಲ್ಲಿ ದೋಣಿ ನಡೆಸುವವರೆಲ್ಲ ರಾತ್ರಿ ಮಲಗಲು ನಮ್ಮ ಊರಿಗೆ ಬರುತ್ತಾರೆ. ಮಧ್ಯಾಹ್ನ ಊಟವಾದ ಮೇಲೆ ದಡದಲ್ಲಿ ತೂಕಡಿಸಿದ ಒಬ್ಬನು ಕಣ್ಣು ಬಿಟ್ಟಾಗ ತನ್ನ ದೋಣಿ ರಾಗಿಯ ನಡುವೆ ನಿಂತಿತ್ತೆಂದೂ, ಅದರಲ್ಲಿದ್ದವರು ನೀರು ನೀರು ಎಂದು ಕಿರುಚುತ್ತಿದ್ದರೆಂದೂ ಈಗಲೂ ಹೇಳಿ ನಗುತ್ತಾರೆ. ಇನ್ನು ಗುಡ್ಡದಹಳ್ಳಿ ಎಂಬ ಮೂರನೆಯ ಊರಿನ ಗುಡ್ಡ ಅಲ್ಲಿನ ಶಾಲೆಯ ಮಕ್ಕಳಿಗೆ ಆಟದ ಬಯಲು. ಪ್ರವಾಸಿಗಳು ಏದುಸಿರು ಬಿಡುತ್ತ ಹತ್ತುವ ಕಡೆಯಲ್ಲೇ ಅವರು ಕಬಡ್ಡಿ ಆಡುತ್ತಾರೆ.

ಎಲ್ಲವನ್ನೂ ನೋಡಬೇಕೆಂದರೆ ಒಂದೇ ಊರಿನಲ್ಲಿ ತಂಗಿದರೆ ಆಗದು, ಎರಡು ಬೇಕು. ಯಾವ ಎರಡು, ಯಾವುದು ಮೊದಲು, ಯಾರಿಗೆ ಎಷ್ಟು ದೂರ ಓಡಿಸುವ ಶಕ್ತಿಯಿದೆ, ಯಾರಿಗೆ ಕಾರಿನಲ್ಲಿ ಕೂತ ಕೂಡಲೇ ತೂಕಡಿಕೆ ಬರುತ್ತದೆ, ಇದನ್ನೆಲ್ಲ ವಿಚಾರಿಸಿ ರಾತ್ರಿಯ ಊರನ್ನು ಗೊತ್ತುಮಾಡಿಕೊಡುವುದು ನನ್ನ ಕೆಲಸ. ನಾನು ಓದಿದ್ದು ಭೌತಶಾಸ್ತ್ರ. ಓದು ಮುಗಿಸಿ ಊರಿಗೆ ಬಂದ ಹೊಸದರಲ್ಲಿ ಇದು ಹೀಗೇಕೆ ಎಂದು ತಿಳಿಯಲು ಉಪಕರಣಗಳನ್ನು ಹೊತ್ತುಕೊಂಡು ಬಂಡೆಗೂ ಕೆರೆಗೂ ತಿರುಗಿದೆ. ಕ್ಯಾಮೆರಾ ಇಟ್ಟೆ. ಕ್ಯಾಮೆರಾಗೆ ನಿದ್ದೆಯಿಲ್ಲವಾದ್ದರಿಂದ ಅದು ಯಾವ ಪಕ್ಷಕ್ಕೂ ಸೇರುವುದಿಲ್ಲ, ಚಿತ್ರ ಬರೀ ಬೆಳ್ಳಗೆ ಬರುತ್ತದೆ. ಕೊನೆಗೆ ಏಕೆ ಎನ್ನುವುದನ್ನು ಬಿಟ್ಟು ಎಲ್ಲಿ ಎನ್ನುವುದನ್ನು ಹಿಡಿದೆ. ಅದರಲ್ಲಿ ನಾನು ಇಂದಿನವರೆಗೂ ತಪ್ಪಿಲ್ಲ.

ನನ್ನ ಕಚೇರಿ ಇರುವುದು ಜಲದರ್ಶಿನಿಯಲ್ಲಿ. ಹೊರಗಿನ ಸಾಹುಕಾರರೊಬ್ಬರು ಧಾರೆಯ ಎದುರಿಗೇ ಕಟ್ಟಿಸಿದ ವಸತಿಗೃಹ ಅದು. ಪ್ರತಿ ಕೋಣೆಗೂ ನೀರಿನ ಕಡೆ ತೆರೆಯುವ ಬಾಲ್ಕನಿ. ಕಟ್ಟಿಸುವಾಗ ಅವರು ಕಡಂಬಾಳದಲ್ಲಿ ಮಲಗುತ್ತಿದ್ದರು, ದಿನವೂ ಧಾರೆ ನೋಡಿ ಖುಷಿಪಡುತ್ತಿದ್ದರು. ಹೇಳಿದವರ ಮಾತು ಕೇಳಲಿಲ್ಲ. ಗೃಹಪ್ರವೇಶದ ರಾತ್ರಿ ಅಲ್ಲೇ ಮಲಗಿ, ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಬಂದವರಿಗೆ ಕಂಡದ್ದು ಬಂಡೆಯ ಮೇಲೆ ಹರಡಿದ ಮೆಣಸಿನಕಾಯಿ. ಕಟ್ಟಡ ನನಗೆ ಅಗ್ಗದ ಬಾಡಿಗೆಗೆ ಸಿಕ್ಕಿತು. ಎರಡನೆಯ ರಾತ್ರಿಗೆ ಇದಕ್ಕಿಂತ ಒಳ್ಳೆಯ ಜಾಗ ಈ ಸೀಮೆಯಲ್ಲಿ ಇಲ್ಲವೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಇಲ್ಲಿ ಎದ್ದವರಿಗೆ ಕೆರೆಯೂ ಸಿಗುತ್ತದೆ, ಗುಡ್ಡವೂ ಸಿಗುತ್ತದೆ.

ಜಲದರ್ಶಿನಿಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಮಾತು ಬರೆಸಿದ್ದೇನೆ: ಒಂದು ಗಾಡಿ, ಒಂದು ಊರು. ಒಟ್ಟಿಗೆ ತಿರುಗುವವರು ಒಂದೇ ಊರಿನಲ್ಲಿ ಮಲಗಬೇಕು. ಇದು ನನ್ನ ಕಟ್ಟಲೆಯಲ್ಲ, ಹಿಂದಿನಿಂದ ಬಂದದ್ದು. ಬೇರೆ ಬೇರೆ ಕಡೆ ಮಲಗಿ ಬಂದು ಒಂದೇ ಕಲ್ಲಿನ ಮೇಲೆ ನಿಂತವರು ಜಗಳವಾಡದೆ ಮನೆಗೆ ಹೋದದ್ದನ್ನು ಯಾರೂ ಕಂಡಿಲ್ಲ. ಒಬ್ಬ ಇಳಿಜಾರು ಎಂದಲ್ಲಿ ಇನ್ನೊಬ್ಬನಿಗೆ ಸಮತಟ್ಟು, ಕೈ ಹಿಡಿದು ನಡೆಸಲೂ ಆಗುವುದಿಲ್ಲ.

ಸಂಡಿಗೆಯ ಕಾಲ. ಬಿಸಿಲು ಚುರುಗುಟ್ಟುತ್ತಿತ್ತು. ವಯಸ್ಸಾದ ದಂಪತಿಗಳಿಬ್ಬರು ನನ್ನ ಬಾಗಿಲಲ್ಲಿ ನಿಂತಾಗ ನನ್ನ ಕಣ್ಣು ಮೊದಲು ಹೋದದ್ದು ಅವರ ಬಟ್ಟೆಯ ಮೇಲೆ. ಯಜಮಾನರ ಅಂಗಿ ಒದ್ದೆ, ಕನ್ನಡಕದ ತುಂಬ ಹನಿ. ಆಕೆಯ ಹತ್ತಿ ಸೀರೆಯಲ್ಲಿ ಗಂಜಿಯ ಮಡಿಕೆ ಕೂಡ ಮುರಿದಿರಲಿಲ್ಲ. ಇಬ್ಬರೂ ಒಂದೇ ಕಾರಿನಿಂದ ಇಳಿದಿದ್ದರು.

"ನಿನ್ನೆ ಎಲ್ಲಿ ಮಲಗಿದ್ದಿರಿ?" ಎಂದೆ.

"ಕಡಂಬಾಳದಲ್ಲಿ. ಇಬ್ಬರೂ. ಒಂದೇ ಲಾಡ್ಜು, ಒಂದೇ ಕೋಣೆ" ಎಂದರು ಅವರು, ಸಾಕ್ಷಿ ನುಡಿಯುವವರ ಹಾಗೆ. "ನಿಮ್ಮ ಸೀಮೆಯ ಕಾಯಿದೆ ನನಗೆ ಚೆನ್ನಾಗಿ ಗೊತ್ತಿದೆ ಮೇಡಂ. ಕಡಂಬಾಳದಲ್ಲಿ ಮಲಗಿದವರಿಗೆ ಧಾರೆ ಕಾಣಲೇಬೇಕು. ಇವಳಿಗೆ ಕಾಣಲ್ವಂತೆ. ಆಗಲೂ ಹೀಗೇ ಅಂದಳು, ಈಗಲೂ ಹೀಗೇ ಅಂತಾಳೆ. ಕಾಣ್ತಾ ಇದ್ದೂ ಇಲ್ಲ ಅಂತಾಳೆ ಅನ್ನೋದಲ್ದೆ ಇದಕ್ಕೆ ಬೇರೆ ಅರ್ಥ ಇದ್ಯಾ, ನೀವೇ ಹೇಳಿ."

"ಅವರಿಗೆ ಗೊತ್ತಿಲ್ಲದ ಕಾಯಿದೆ ಈ ಭೂಮಿ ಮೇಲಿಲ್ಲಮ್ಮ" ಎಂದರು ಆಕೆ, ಕುರ್ಚಿ ಎಳೆದುಕೊಂಡು ಕೂರುತ್ತ. "ಸ್ವಲ್ಪ ನೀರು ಕೊಡ್ತೀರಾ? ಕುಡಿಯೋ ನೀರಾದ್ರೂ ಕಾಣುತ್ತೋ ನೋಡೋಣ."

ಅವರ ಹೆಸರು ವೃಷಭೇಂದ್ರಯ್ಯ. ತೂಕ ಅಳತೆಯ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಅಂಗಡಿಯವನ ತಕ್ಕಡಿಯಲ್ಲಿ ಗುಲಗಂಜಿ ತೂಕದ ಮೋಸವನ್ನೂ ಹಿಡಿಯುತ್ತಿದ್ದೆನೆಂದು ಅವರೇ ಹೇಳಿಕೊಂಡರು. ಆಕೆ ಸರ್ವಮಂಗಳಮ್ಮ, ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು. ನಲವತ್ತು ವರ್ಷದ ಹಿಂದೆ, ಮದುವೆಯಾದ ವಾರಕ್ಕೇ, ಭಾವನ ಕಾರು ಕೇಳಿ ಪಡೆದು ಇಬ್ಬರೂ ಇದೇ ದಾರಿಯಲ್ಲಿ ಬಂದಿದ್ದರು. ಅವರು ಧಾರೆಯ ಕೆಳಗೆ ನಿಂತು ನೆನೆದರು. ಆಕೆ ಧಾರೆಯ ಮುಂದಿನ ಕಟಕಟೆಯ ಬಳಿ ನಿಂತು, ಬರೀ ಬಂಡೆಯ ಮೇಲೆ ಗಂಡ ಕುಣಿಯುವುದನ್ನು ಕಂಡರು. ಅವರು ನೋಡು ನೋಡು ಎಂದರು, ಆಕೆ ಏನನ್ನು ಎಂದರು.

"ಗೇಲಿ ಮಾಡ್ತಿದ್ದಾಳೆ ಅಂದ್ಕೊಂಡೆ" ಎಂದರು ವೃಷಭೇಂದ್ರಯ್ಯ. "ಅಷ್ಟು ದೂರ ಕರ್ಕೊಂಡು ಬಂದಿದ್ದೀನಿ, ಹೊಸ ಹೆಂಡತಿ ಸಂತೋಷಪಡಲಿ ಅಂತ. ಇವಳು ನೀರೇ ಇಲ್ಲ ಅಂತಾಳೆ."

"ನಾನು ಇದ್ದದ್ದು ಹೇಳಿದೆ. ಇವರು ಆ ಸಂಡಿಗೆ ಹಾಕೋ ಹೆಂಗಸಿನ ಮುಂದೆ ನನ್ನ ಮೇಲೆ ಕೂಗಾಡಿದ್ರು. ಮದುವೆಯಾಗಿ ವಾರ ಆಗಿರ್ಲಿಲ್ಲ. ನಮ್ಮಪ್ಪ ಕೂಡ ನನ್ನ ಮೇಲೆ ಹಾಗೆ ಕೂಗಿದೋರಲ್ಲ."

"ನಾನು ಕೂಗಾಡ್ಲಿಲ್ಲ."

"ಊರಿಗೆಲ್ಲ ಕೇಳೋ ಹಾಗೆ ಕೂಗಿದ್ರಿ."

ಆ ದಿನದಿಂದ ಅದೇ ಮನೆಯ ಗಾದೆಯಾಯಿತಂತೆ. ಹಾಲು ಕೆಟ್ಟಿದೆ ಎಂದು ಆಕೆ ಹೇಳಿದರೆ, ಅವರು ಧಾರೆಯಲ್ಲೂ ನೀರಿರಲಿಲ್ಲ ಎನ್ನುತ್ತಿದ್ದರು. ಹೊಟ್ಟೆಯಲ್ಲಿ ನೋವು ಎಂದು ಆಕೆ ಮೂರು ದಿನ ಹೇಳಿದಾಗಲೂ ಅದೇ ಮಾತು ಬಂತು. ನಾಲ್ಕನೆಯ ದಿನ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಯಿತು. ಇದನ್ನು ಆಕೆ ಲೋಟ ಕೆಳಗಿಡುತ್ತ ಮೆಲ್ಲಗೆ ಹೇಳಿದರು. ಯಜಮಾನರು ಕನ್ನಡಕ ಒರೆಸಿಕೊಂಡರು.

"ಈ ಸಲ ಇವರೇ ಎಲ್ಲ ಗೊತ್ತುಮಾಡಿದ್ದು" ಎಂದು ಸರ್ವಮಂಗಳಮ್ಮ ಮುಂದುವರಿಸಿದರು. "ಯಾವ ಊರಲ್ಲಿ ಮಲಗಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎಲ್ಲ. ನಾನೂ ಸರಿ ಅಂದೆ. ಆದ್ರೆ ಮನೇಲೇ ಹೇಳಿ ಬಂದಿದ್ದೀನಿ. ಈ ಸಲವೂ ನನ್ನನ್ನ ಸುಳ್ಳುಗಾತಿ ಅಂದ್ರೆ ವಾಪಸು ಇವರ ಜೊತೆ ಬರಲ್ಲ, ತಂಗಿ ಮನೆಗೆ ಹೋಗ್ತೀನಿ. ಕಾರಲ್ಲಿ ನನ್ನ ಪೆಟ್ಟಿಗೆ ಇದೆ. ನಾಲ್ಕು ದಿನದ ಪ್ರವಾಸದ ಪೆಟ್ಟಿಗೆ ಅಲ್ಲ ಅದು."

ಕಿಟಕಿಯಿಂದ ನೋಡಿದೆ. ಕಾರಿನ ಹಿಂದಿನ ಸೀಟನ್ನೆಲ್ಲ ಆಕ್ರಮಿಸಿಕೊಂಡು ಒಂದು ಕಬ್ಬಿಣದ ಟ್ರಂಕು ಕೂತಿತ್ತು.

"ಬಂಡೆಯ ಮೇಲೆ ಇನ್ನೇನು ಕಂಡಿತು ಅಮ್ಮ?" ಎಂದೆ.

"ಅವತ್ತು ಇವರು ಬಟ್ಟೆ ಬದಲಿಸೋಕೆ ಹೋದಾಗ ನಾನು ಬಂಡೆ ಮೇಲೆ ಹೋಗಿ ಆ ಹೆಂಗಸಿನ ಹತ್ರ ಕೂತಿದ್ದೆ. ಅಲ್ಲಿ ಒಂದು ಚೌಕಾಬಾರದ ಮನೆ ಕೆತ್ತಿದ್ದಾರೆ. ಒಂದು ಕಡೆ ಐದು ಮನೆ, ಇನ್ನೊಂದು ಕಡೆ ಆರು."

"ನೋಡಿ" ಎಂದರು ವೃಷಭೇಂದ್ರಯ್ಯ. "ಚೌಕಾಬಾರ ಅಂದ್ರೆ ಚೌಕ. ಐದಕ್ಕೆ ಐದು. ಆರು ಮನೆಯ ಚೌಕಾಬಾರ ಎಲ್ಲಾದ್ರೂ ಉಂಟಾ? ಸುಳ್ಳಿಗೂ ಒಂದು ಅಳತೆ ಬೇಕು."

ನಾನು ಆ ಮನೆಗಳ ಮೇಲೆ ಕವಡೆ ಉರುಳಿಸಿಯೇ ಬೆಳೆದವಳು. ಕೆತ್ತಿದವನು ಯಾರೋ ಲೆಕ್ಕ ತಪ್ಪಿದ್ದ. ಆ ಹೆಚ್ಚಿನ ಸಾಲಿಗೆ ನಮ್ಮಲ್ಲಿ ಅತ್ತೆಮನೆ ಎನ್ನುತ್ತೇವೆ, ಅಲ್ಲಿಗೆ ಹೋದ ಕಾಯಿ ಒಂದು ಆಟ ಸುಮ್ಮನೆ ಕೂರಬೇಕು. ಬೇರೆ ಊರಿನಲ್ಲಿ ಎದ್ದು ಬಂದವರಿಗೆ ಅದು ನೀರಿನಡಿ ಹೋಗಿಬಿಡುತ್ತದೆ. ಆಕೆ ಹೇಳಿದ್ದು ನಿಜವೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಹೇಗೆ ಎನ್ನುವುದೂ ಬಹುಮಟ್ಟಿಗೆ ಗೊತ್ತಾಯಿತು.

"ಆಕೆ ಹೇಳ್ತಿರೋದು ನಿಜ" ಎಂದೆ. "ಆರು ಮನೆ ಇದೆ. ದಾರಿಯಲ್ಲಿ ನಮ್ಮ ಊರಿನ ಎಲ್ಲೆ ದಾಟಿದ ಮೇಲೆ ಒಂದು ಕ್ಷಣ ತೂಕಡಿಸಿದ್ರೂ ಸಾಕು. ಅದೇ ಕೊನೆಯ ನಿದ್ದೆ. ಎದ್ದದ್ದು ನಮ್ಮ ಊರಲ್ಲಿ ಅಂತ ಆಗುತ್ತೆ."

"ನಾನು ಕಾರಲ್ಲಿ ಮಲಗೋಳೇ ಅಲ್ಲ" ಎಂದರು ಆಕೆ.

"ಮಲಗಲ್ಲ, ನಾನೂ ನೋಡಿದ್ದೀನಿ" ಎಂದರು ಅವರು. ಒಂದು ವಿಷಯದಲ್ಲಿ ಇಬ್ಬರೂ ಒಪ್ಪಿದರಲ್ಲ ಎಂದುಕೊಂಡೆ. "ಮೇಡಂ, ನೀವು ಅಂಗಡಿ ಇಟ್ಟಿರೋರು. ಬಂದವರ ಮನಸ್ಸಿಗೆ ಹಿತವಾದದ್ದು ಹೇಳ್ತೀರಿ. ಅದು ತಪ್ಪಲ್ಲ. ಆದ್ರೆ ನಾನು ಕಣ್ಣಾರೆ ನೋಡದೆ ಯಾವ ತಕ್ಕಡಿಗೂ ಮುದ್ರೆ ಒತ್ತಿದವನಲ್ಲ."

"ಹಾಗಾದ್ರೆ ಕಣ್ಣಾರೆ ನೋಡಿ. ಇವತ್ತು ರಾತ್ರಿ ಇಬ್ಬರೂ ಇಲ್ಲೇ ಜಲದರ್ಶಿನಿಯಲ್ಲಿ ಮಲಗಿ. ನಾಳೆ ನಿಮಗೂ ಬಂಡೆ ಕಾಣುತ್ತೆ. ನಾಳಿದ್ದು ಕಡಂಬಾಳದಿಂದ ಬಂದು ಅಮ್ಮನವರು ಧಾರೆ ನೋಡಲಿ."

ಇದು ಸುಲಭದ ದಾರಿ. ನನ್ನ ಗೋಡೆಯ ಮಾತಿಗೂ ಒಪ್ಪುವಂಥದ್ದು. ಆದರೆ ಸರ್ವಮಂಗಳಮ್ಮ ತಲೆ ಅಲ್ಲಾಡಿಸಿದರು.

"ಬೇಡಮ್ಮ. ಒಂದೊಂದು ದಿನ ಒಂದೊಂದು ನೋಡಿದ್ರೆ ಇವರು ಅದಕ್ಕೂ ಏನಾದ್ರೂ ಹೇಳ್ತಾರೆ. ಅವತ್ತು ಇಬ್ಬರೂ ಒಂದೇ ಹೊತ್ತಲ್ಲಿ ನಿಂತಿದ್ವಿ. ಇವರು ನೆನೆದಿದ್ರು, ನಾನು ಒಣಗಿದ್ದೆ. ಈಗ ಅದನ್ನೇ ತಿರುಗಿಸಬೇಕು. ನಾನು ನೆನೀಬೇಕು, ಇವರು ಒಣಗಿರ್ಬೇಕು. ಆಗ ಇವರ ಬಾಯಲ್ಲಿ ಏನು ಬರುತ್ತೋ ಕೇಳ್ಬೇಕು."

ನಾನು ಗೋಡೆಯ ಕಡೆ ನೋಡಿದೆ. ಆಕೆಯೂ ಅದನ್ನು ಓದಿದರು. "ಒಂದು ಗಾಡಿ ತಾನೇ? ನೀವು ನಿಮ್ಮ ಗಾಡಿ ತನ್ನಿ" ಎಂದರು.

ಪ್ರಯೋಗಶಾಲೆಯಲ್ಲಿ ನನಗೆ ಕಲಿಸಿದ ಮೊದಲ ಪಾಠ, ಒಂದು ಸಲಕ್ಕೆ ಒಂದನ್ನೇ ಬದಲಿಸು ಎಂಬುದು. ಆಕೆ ಕೇಳುತ್ತಿದ್ದದ್ದು ಅಂಥದ್ದೇ: ಅದೇ ಬಂಡೆ, ಅದೇ ಹೊತ್ತು, ಅದೇ ಇಬ್ಬರು, ಮಲಗಿದ ಊರು ಮಾತ್ರ ಅದಲುಬದಲು. ಆದರೆ ಒಂದು ತೊಡಕಿತ್ತು. ನಾನು ಆಕೆಯ ಜೊತೆ ಕಡಂಬಾಳಕ್ಕೆ ಹೋಗಿ ಮಲಗಿದರೆ ಮರುದಿನ ನನಗೂ ಧಾರೆಯೇ ಕಾಣುವುದು. ಬಂಡೆ ಕಾಣುವುದು ವೃಷಭೇಂದ್ರಯ್ಯನವರೊಬ್ಬರಿಗೆ. ಅವರು ಕಂಡದ್ದನ್ನು ಕಂಡಿಲ್ಲವೆಂದರೆ ನಮ್ಮಿಬ್ಬರಲ್ಲಿ ಯಾರೂ ಏನೂ ಹೇಳುವಂತಿಲ್ಲ. ಇಡೀ ಪ್ರಯೋಗಕ್ಕೆ ಇದ್ದ ತಕ್ಕಡಿ ಅವರೇ. ಅದು ಸರಿಯಾಗಿದೆಯೇ ಎಂದು ನೋಡಲು ನನ್ನ ಹತ್ತಿರ ಬೇರೆ ತಕ್ಕಡಿ ಇರಲಿಲ್ಲ.

ಆದರೂ ಒಪ್ಪಿದೆ. ಅವರು ಕೂತ ಕುರ್ಚಿಯ ಒಂದು ಕಾಲು ಗಿಡ್ಡವಾಗಿತ್ತು. ಮಾತಾಡುತ್ತಲೇ ಬಗ್ಗಿ, ಕಾಗದ ಮಡಚಿ ಅದರಡಿಗೆ ಇಟ್ಟು, ಅಲುಗಾಡಿಸಿ ನೋಡಿ, ಒಂದು ಮಡಿಕೆ ಬಿಚ್ಚಿ ಮತ್ತೆ ಇಟ್ಟಿದ್ದರು. ಅಂಥವರು ಆರನ್ನು ಐದು ಎನ್ನಲಾರರು ಎಂದು ನನಗೆ ಅನ್ನಿಸಿತು.

ಸಂಜೆ ನಾನೂ ಆಕೆಯೂ ನನ್ನ ಹಳೆಯ ಜೀಪಿನಲ್ಲಿ ಕಡಂಬಾಳಕ್ಕೆ ಹೊರಟೆವು. ಯಜಮಾನರು ಜಲದರ್ಶಿನಿಯ ಮೆಟ್ಟಿಲ ಮೇಲೆ ನಿಂತಿದ್ದರು. "ಹೊದಿಕೆ ತಗೊಂಡ್ಯಾ?" ಎಂದು ಕೇಳಿದರು. ಟ್ರಂಕು ಅವರ ಕಾರಿನಲ್ಲೇ ಉಳಿಯಿತು.

ಬೆಳಿಗ್ಗೆ ಲಾಡ್ಜಿನ ಅಂಗಳದಲ್ಲಿ ಕಾಫಿ ಕುಡಿಯುವಾಗ ಆಕೆಯ ಕಣ್ಣು ಕೆಂಪಾಗಿತ್ತು. "ಮನೆಯಲ್ಲದ ಜಾಗ, ರೆಪ್ಪೆ ಕೂಡ್ಲಿಲ್ಲ" ಎಂದರು. ಅವತ್ತು ಹೊಸ ಗಂಡನ ಜೊತೆ ಬಂದಾಗಲೂ ಹೀಗೆಯೇ ಆಗಿತ್ತೇ ಎಂದೆ. "ಆಗ ಕೇಳ್ಬೇಕಾ? ಅವರ ಗೊರಕೆ ಮೊದಲನೇ ಸಲ ಕೇಳಿದ್ದು. ಯಾರೋ ಪಕ್ಕದಲ್ಲಿ ಮರ ಕುಯ್ತಿದ್ದಾರೆ ಅನ್ನಿಸ್ತು." ಮೊನ್ನೆಯೂ ಹಾಗೆಯೇ ಎಂದೂ ಸೇರಿಸಿದರು. ನನ್ನ ಊಹೆಗೆ ಇಷ್ಟು ಸಾಕಿತ್ತು. ದಾರಿಯುದ್ದಕ್ಕೂ ಆಕೆಗೆ ಜಗಿಯಲು ಹಸಿಶುಂಠಿ ಕೊಟ್ಟು, ಒಂದೇ ಸಮನೆ ಮಾತಾಡಿಸಿದೆ.

ಕಡಂಬಾಳಕ್ಕೂ ನಮ್ಮ ಊರಿಗೂ ನಡುವೆ ಎಲ್ಲೆಯೆಂದರೆ ಒಂದು ಸಣ್ಣ ಸೇತುವೆ. ಸೇತುವೆ ಇನ್ನೂ ಮುಂದಿರುವಾಗಲೇ ಆಕೆಯ ಮಾತು ನಿಂತಿತು. ತಿರುಗಿ ನೋಡಿದರೆ ಗಲ್ಲ ಎದೆಗೆ ತಾಕಿದೆ, ಬಾಯಲ್ಲಿ ಶುಂಠಿಯಿದೆ. ಬ್ರೇಕ್ ಹಾಕಿದೆ.

"ಏನಾಯ್ತು?" ಎಂದರು ಆಕೆ, ತಲೆ ಎತ್ತಿ.

"ಮಲಗಿದ್ರಿ."

"ಇಲ್ಲಮ್ಮ, ಕಣ್ಣು ಮುಚ್ಚಿಕೊಂಡಿದ್ದೆ ಅಷ್ಟೆ. ನೀವು ಹೇಳ್ತಿದ್ದದ್ದೆಲ್ಲ ಕೇಳಿಸ್ತಾ ಇತ್ತು."

"ಏನು ಹೇಳ್ತಿದ್ದೆ?"

ಆಕೆ ಸ್ವಲ್ಪ ಯೋಚಿಸಿದರು. "ಹುಣಸೆಹಣ್ಣಿನ ವಿಷಯ" ಎಂದರು. ನಾನು ಹೇಳುತ್ತಿದ್ದದ್ದು ನನ್ನ ತಮ್ಮನ ಮದುವೆಯ ವಿಷಯ.

ಅದೃಷ್ಟಕ್ಕೆ ಇನ್ನೂ ಕಡಂಬಾಳದ ಎಲ್ಲೆಯಲ್ಲೇ ಇದ್ದೆವು. ಈ ನಿದ್ದೆಯಿಂದ ಕೆಡುಕಿಲ್ಲ. ಜೀಪನ್ನು ಅಲ್ಲೇ ಮರದ ಕೆಳಗೆ ನಿಲ್ಲಿಸಿ, ನಡೆದುಕೊಂಡು ಹೋಗೋಣ ಇಳಿಯಿರಿ ಎಂದೆ. ಕಾಲಿನ ಮೇಲೆ ನಿಂತು ಮಲಗುವವರು ನನ್ನ ಅನುಭವದಲ್ಲಿ ಇಲ್ಲ. ಆಕೆ ಗೊಣಗುತ್ತ ಇಳಿದರು.

ಸೇತುವೆ ದಾಟಿದ ಮೇಲೆ ಊರಿನವರೆಗೂ ದಾರಿಯ ಎರಡು ಬದಿಗೂ ಹುಣಸೆ ಮರಗಳ ಸಾಲು. ಬೆಳಗಿನ ಓರೆ ಬಿಸಿಲು ಮರಗಳ ನಡುವಿನಿಂದ ತೂರಿ ಬಂದು ದಾರಿಯ ಮೇಲೆ ಬೆಳಕು, ನೆರಳು, ಬೆಳಕು, ನೆರಳು ಎಂದು ಪಟ್ಟೆ ಹಾಕುತ್ತದೆ. ನಾಲ್ಕು ಹೆಜ್ಜೆ ನಡೆದ ಆಕೆ ಥಟ್ಟನೆ ನಿಂತರು.

"ಇದೇ" ಎಂದರು.

"ಏನು?"

"ಕಾರಿನ ಕಿಟಕಿಗೆ ತಲೆ ಒರಗಿಸಿದ್ದೆ. ಇದು ಹೀಗೇ ಕಣ್ಣಿನ ಮೇಲೆ ಬಂದು ಹೋಗ್ತಾ ಇತ್ತು, ಯಾರೋ ಬೀಸಣಿಗೆ ಬೀಸಿದ ಹಾಗೆ. ತೊಟ್ಟಿಲಲ್ಲಿ ಇದ್ದ ಹಾಗೆ ಇತ್ತು." ಆಕೆ ಕಣ್ಣು ಮುಚ್ಚಿ ಮುಖವನ್ನು ಆ ಪಟ್ಟೆ ಬಿಸಿಲಿಗೆ ಒಡ್ಡಿದರು. ನಾನು ಗಾಬರಿಯಾಗಿ ಅವರ ಮೊಣಕೈ ಹಿಡಿದೆ. "ಮಲಗಲ್ಲ ಬಿಡಿ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹಾಗಾದ್ರೆ ಅವರು ಹೇಳಿದ್ದೂ ನಿಜ" ಎಂದರು. "ನಲವತ್ತು ವರ್ಷ ನಾನು ಅಂದ್ಕೊಂಡಿದ್ದೆ, ಇಲ್ಲದ ನೀರನ್ನ ಇದೆ ಅಂತ ಹೇಳಿಸಿ ನನ್ನನ್ನ ಬಗ್ಗಿಸ್ಬೇಕು ಅಂತಲೇ ಇವರು ಹಠ ಹಿಡಿದ್ರು ಅಂತ."

"ನಿನ್ನೆ ಅವರ ಒದ್ದೆ ಅಂಗಿ ಕಂಡಿರಲಿಲ್ವಾ?"

"ಬೆವರು ಅಂದ್ಕೊಂಡೆ. ಕಂಡದ್ದನ್ನೆಲ್ಲ ನಾನು ಮಾತ್ರ ನಂಬ್ತೀನಾ?"

ಊರು ಹತ್ತಿರವಾದಂತೆ ಮೊದಲು ನೆಲದಲ್ಲಿ ಒಂದು ನಡುಕ, ಆಮೇಲೆ ಸದ್ದು. ಅದು ಧಾರೆಯ ಸದ್ದು. ಬಹಳ ತಿಂಗಳ ಮೇಲೆ ನಾನೂ ಅದನ್ನು ಕೇಳುತ್ತಿದ್ದೆ. ಆಕೆ ತಲೆ ಓರೆ ಮಾಡಿ, ಲಾರಿ ಬರ್ತಿದೆ, ಪಕ್ಕಕ್ಕೆ ಬನ್ನಿ ಎಂದರು.

ತಿರುವು ಕಳೆದದ್ದೇ ಧಾರೆ ಎದುರಿಗೆ ನಿಂತಿತು. ಅದನ್ನು ವರ್ಣಿಸುವುದು ನನ್ನ ಕೆಲಸವಲ್ಲ, ಬಂದು ನೋಡಿ. ಸರ್ವಮಂಗಳಮ್ಮನವರ ಕೈ ತಾನಾಗಿ ಸೆರಗಿಗೆ ಹೋಗಿ, ಅದನ್ನು ಭುಜದ ಸುತ್ತ ಬಿಗಿದುಕೊಂಡಿತು. ದೊಡ್ಡವರ ಎದುರಿಗೆ ಬಂದಾಗ ಮಾಡುವ ಹಾಗೆ.

ಕಟಕಟೆಯ ಬಳಿ ವೃಷಭೇಂದ್ರಯ್ಯನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾಯುತ್ತಿದ್ದರು. ನನ್ನ ಕಣ್ಣಿಗೆ ಅವರು ಹನಿಗಳ ಮಂಜಿನಲ್ಲಿ ನಿಂತಿದ್ದರು, ಅಂಗಿ ಮಾತ್ರ ಗರಿಗರಿಯಾಗಿತ್ತು. ನಮ್ಮನ್ನು ಕಂಡು ಏನೋ ಹೇಳಿದರು. ತುಟಿ ಆಡಿತು, ಮಾತು ಕೇಳಲಿಲ್ಲ. ನಾನು ಬಂಡೆಯ ಕಡೆ ಕೈ ತೋರಿಸಿದೆ. ಇಬ್ಬರೂ ಕಟಕಟೆ ದಾಟಿ ಹೋಗಬೇಕೆಂಬುದು ಮೊದಲೇ ಆದ ಮಾತು.

ಆಗಲೇ ನಮ್ಮ ಬೀದಿಯ ಚಿಕ್ಕತಾಯಮ್ಮ ತಲೆಯ ಮೇಲೆ ಮೊರ, ಕೈಯಲ್ಲಿ ಬಿಚ್ಚಿದ ಕೊಡೆಯೊಡನೆ ನಮ್ಮ ಪಕ್ಕದಿಂದಲೇ ಹಾದು ಹೋದಳು. ನಿನ್ನೆ ಎಲ್ಲಿ ಮಲಗಿದ್ದೆ ಎಂದು ನನ್ನ ಕಿವಿಯ ಹತ್ತಿರ ಬಂದು ಕೇಳಿದಳು. ಕಡಂಬಾಳ ಎಂದೆ. "ಅಯ್ಯೋ ಪಾಪ, ಹಾಗಾದ್ರೆ ನೆನೀಬೇಡ" ಎಂದು ನೀರಿನೊಳಕ್ಕೆ ನಡೆದು ಮರೆಯಾದಳು. ಅವಳ ಹಿಂದೆಯೇ ವೃಷಭೇಂದ್ರಯ್ಯನವರೂ ಅಂಜುತ್ತಂಜುತ್ತ, ಕಾಲಿನಲ್ಲಿ ನೆಲ ತಡವುತ್ತ ಹೋದರು. ಅವರಿಗೆ ಕಾಣುತ್ತಿದ್ದದ್ದು ಒಣ ಬಂಡೆ. ಆದರೂ ನಿನ್ನೆ ಅಲ್ಲೇ ನೆನೆದಿದ್ದ ದೇಹ ಅಷ್ಟು ಬೇಗ ನಂಬುವುದಿಲ್ಲ. ಧಾರೆಯ ಅಂಚಿನಲ್ಲಿ, ನೀರು ತೆಳ್ಳಗಿರುವ ಕಡೆ ಅವರು ನಿಂತರು. ತೆರೆಯ ಹಿಂದಿನ ಗೊಂಬೆಯ ಹಾಗೆ ನಮಗೆ ಕಾಣುತ್ತಿದ್ದರು. ತಲೆ ಬಗ್ಗಿಸಿ ನೆಲ ನೋಡಿದರು. ಆಮೇಲೆ ಮೊಣಕಾಲೂರಿ ಕೂತರು.

ಸರ್ವಮಂಗಳಮ್ಮ ಚಪ್ಪಲಿ ಬಿಟ್ಟು ಅವರ ಕಡೆ ಹೋದರು. ಮೊದಲ ಹನಿಗೆ ಹೆಗಲು ಕುಗ್ಗಿಸಿದರು. ಮೂರು ಹೆಜ್ಜೆಗೆ ಸೀರೆಯ ಗಂಜಿಯೆಲ್ಲ ಇಳಿದು ಮೈಗಂಟಿತು, ಬಿಳಿ ಕೂದಲು ಕೆನ್ನೆಗೆ ಅಂಟಿತು. ಗಂಡನಿಗಿಂತ ಎರಡು ಮಾರು ಈಚೆಗೆ ನಿಂತು, ಕೈಯನ್ನು ಬಾಯಿಯ ಸುತ್ತ ಹಿಡಿದು ಕೂಗಿದರು. "ಏನ್ರೀ ಕಾಣುತ್ತೆ?"

ನನಗೇ ಅರ್ಧ ಕೇಳಿತು. ಅವರು ತಲೆ ಎತ್ತಿದರು. ಅವರಿಗೆ ಸದ್ದಿಲ್ಲದ ಬಿಸಿಲು, ಸಂಡಿಗೆ ಹಾಕುವ ಹೆಂಗಸು, ಎದುರಿಗೆ ಒಣ ಬಂಡೆಯ ಮೇಲೆ ನಿಂತು ತೊಯ್ದು ತೊಪ್ಪೆಯಾಗಿ ಗಂಟಲು ಹರಿಯುವ ಹಾಗೆ ಕೂಗುತ್ತಿರುವ ಹೆಂಡತಿ. ಅವರು ಏನೋ ಹೇಳಿದರು. ಆಕೆಗೆ ಕೇಳಲಿಲ್ಲ. ಕಿವಿಗೆ ಕೈ ಇಟ್ಟು ತೋರಿಸಿದರು. ಅವರು ಎದ್ದು ಹತ್ತಿರ ಬಂದರು. ನಾನೂ ಅಷ್ಟು ಹೊತ್ತಿಗೆ ಹತ್ತಿರ ಹೋಗಿದ್ದೆ.

"ಯಾಕೆ ಹೀಗೆ ಕೂಗ್ತೀಯ?" ಎನ್ನುತ್ತಿದ್ದರು ವೃಷಭೇಂದ್ರಯ್ಯ. "ಜನ ನೋಡ್ತಿದ್ದಾರೆ."

ಆಕೆ ಕೂಗನ್ನು ನಿಲ್ಲಿಸಿದರು. ಧಾರೆಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಗಂಡನ ಮುಖ ನೋಡಿದರು. "ಇದು ಇಷ್ಟು ಸದ್ದು ಮಾಡುತ್ತೆ ಅಂತ ನೀವು ಯಾವತ್ತೂ ಹೇಳ್ಲೇ ಇಲ್ವಲ್ಲ" ಎಂದರು, ಮತ್ತೆ ಕೂಗಿಯೇ. ಅಲ್ಲಿ ಬೇರೆ ರೀತಿ ಮಾತಾಡಲು ಆಗುವುದಿಲ್ಲ. "ಅವತ್ತು ನೀವು ನನ್ನ ಮೇಲೆ ಕೂಗಾಡ್ಲಿಲ್ಲ."

ಆಕೆಯ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರು ಬೊಗಸೆಯೊಡ್ಡಿ ಅದನ್ನು ಹಿಡಿದರು. ಕೈಯಲ್ಲಿ ತೂಗಿ ನೋಡಿದರು. ಅಭ್ಯಾಸ ಬಿಡುವುದಿಲ್ಲ. ತಣ್ಣಗಿದೆ ಎಂದರೋ ಏನೋ, ತುಟಿಯ ಆಟದಿಂದ ನನಗೆ ಹಾಗೆ ಅನ್ನಿಸಿತು.

"ಕೇಳಲ್ಲ" ಎಂದು ಆಕೆ ಕೂಗಿದರು.

ವೃಷಭೇಂದ್ರಯ್ಯನವರು ಹಿಂದಕ್ಕೆ ಹೋಗಿ ಮತ್ತೆ ಅದೇ ಜಾಗದಲ್ಲಿ ಮೊಣಕಾಲೂರಿದರು. ಬೆರಳು ಅಗಲಿಸಿ ಗೇಣು ಹಾಕಿ ಬಂಡೆಯನ್ನು ಒಂದು ಕಡೆಯಿಂದ ಅಳೆದರು, ಇನ್ನೊಂದು ಕಡೆಯಿಂದ ಅಳೆದರು. ನನಗೆ ಅವರ ಕೈ ಬರೀ ನೊರೆಯ ಮೇಲೆ ಸರಿಯುವುದು ಕಾಣುತ್ತಿತ್ತು. ಮತ್ತೊಮ್ಮೆ ಎಣಿಸಿದರು. ಇದೇ ಆ ಹೊತ್ತು. ಇವರು ಈಗ ಐದು ಎಂದುಬಿಟ್ಟರೆ ಆ ಟ್ರಂಕು ತಂಗಿಯ ಮನೆಗೆ ಹೋಗುತ್ತದೆ, ಅದನ್ನು ತಡೆಯಲು ನನ್ನ ಹತ್ತಿರ ಏನೂ ಇಲ್ಲ.

ಅವರು ಎದ್ದು ನಿಂತರು. ಅವರ ಪಾಲಿಗೆ ಸುತ್ತ ನಿಶ್ಶಬ್ದ. ಪಕ್ಕದಲ್ಲಿ ಚಿಕ್ಕತಾಯಮ್ಮ ಸಂಡಿಗೆ ಹಾಕುತ್ತಿದ್ದಾಳೆ, ಅವಳೆದುರು ಮರ್ಯಾದಸ್ಥ ನಿವೃತ್ತ ಅಧಿಕಾರಿ. ಆದರೂ ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದು, ಕತ್ತಿನ ನರ ಉಬ್ಬುವ ಹಾಗೆ ಕೂಗಿದರು.

"ಒಂದು ಕಡೆ ಐದು! ಇನ್ನೊಂದು ಕಡೆ ಆರು ಕಣೇ ಮಂಗಳಾ! ಆರು!"

ಸರ್ವಮಂಗಳಮ್ಮ ಮುಖದ ಮೇಲೆ ಇಳಿಯುತ್ತಿದ್ದ ನೀರನ್ನು ಒರೆಸಿಕೊಳ್ಳಲಿಲ್ಲ. ಅದರಲ್ಲಿ ಧಾರೆಯದೆಷ್ಟು, ಬೇರೆಯದೆಷ್ಟು ಎಂದು ವಿಂಗಡಿಸುವ ಉಪಕರಣ ನನ್ನಲ್ಲಿಲ್ಲ.

ಜಲದರ್ಶಿನಿಗೆ ವಾಪಸು ನಡೆಯುವಾಗ ಅವರು ಮುಂದೆ, ಆಕೆ ಹಿಂದೆ, ಆಕೆಯ ಹೆಜ್ಜೆಯ ಗುರುತು ದಾರಿಯುದ್ದಕ್ಕೂ ಒದ್ದೆ. ಚಿಕ್ಕತಾಯಮ್ಮ ಮೊರ ಖಾಲಿ ಮಾಡಿಕೊಂಡು ಬಂದು ಜೊತೆಗೂಡಿದಳು. "ನಿಮ್ಮ ಯಜಮಾನರು ನನ್ನ ಎರಡು ಸಂಡಿಗೆ ತುಳಿದುಬಿಟ್ರು" ಎಂದು ಆಕೆಗೆ ದೂರು ಹೇಳಿದಳು. "ಅಷ್ಟಕ್ಕೇ ಬಿಟ್ರಾ? ಪುಣ್ಯ ಮಾಡಿದ್ದೀಯ ತಾಯಿ" ಎಂದರು ಆಕೆ.

ಬಾಗಿಲಲ್ಲಿ ವೃಷಭೇಂದ್ರಯ್ಯನವರು ನಿಂತು ನನ್ನ ಗೋಡೆಯ ಬರಹವನ್ನು ಇನ್ನೊಮ್ಮೆ ಓದಿದರು. "ಮೇಡಂ, ಇವತ್ತು ರಾತ್ರಿಗೆ ಯಾವ ಊರು ಅಂತ ಹೇಳ್ತೀರಿ?" ಎಂದರು.

ನನ್ನಲ್ಲಿ ಉತ್ತರ ಸಿದ್ಧವಾಗಿತ್ತು. ಗುಡ್ಡದಹಳ್ಳಿಯಲ್ಲಿ ಮಲಗಿದರೆ ನಾಳೆ ಕೆರೆಯನ್ನೂ ನೋಡಿ, ಬರುವ ದಾರಿಯಲ್ಲಿ ಇಬ್ಬರೂ ಸೇರಿ ಧಾರೆಯನ್ನೂ ನೋಡಬಹುದು. ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯ ಊರಿಲ್ಲ. ಬಾಯಿ ತೆರೆಯುವ ಮೊದಲೇ ಅವರು ಹೆಂಡತಿಯ ಕಡೆ ತಿರುಗಿ, "ನೀನೇ ಹೇಳು" ಎಂದರು.

"ಇಲ್ಲೇ" ಎಂದರು ಸರ್ವಮಂಗಳಮ್ಮ. "ನಾಳೆ ಆ ಚೌಕಾಬಾರ ಆಡ್ಬೇಕು. ಇಬ್ಬರಿಗೂ ಮನೆ ಕಾಣ್ಬೇಕಲ್ಲ."

"ಐದಕ್ಕೆ ಆರಲ್ಲಿ ಹೇಗೆ ಆಡೋದು? ನಿಯಮವೇ ಇಲ್ಲವಲ್ಲ."

"ಕುಮುದಾ ಹೇಳ್ಕೊಡ್ತಾಳೆ" ಎಂದು ಆಕೆ ಹೆಸರು ಹಿಡಿದು ನನ್ನ ಕಡೆ ಕೈ ತೋರಿಸಿದರು. "ಆರನೇ ಸಾಲಿಗೆ ಹೋದವರು ಸುಮ್ಮನೆ ಕೂರ್ಬೇಕಂತೆ. ನಿಮಗೆ ಕಷ್ಟ."

ಅವರು ಕಾರಿನ ಕಡೆ ನೋಡಿದರು. ಹಿಂದಿನ ಸೀಟಿನಲ್ಲಿ ಟ್ರಂಕು ಹಾಗೆಯೇ ಕೂತಿತ್ತು. ಸ್ವಲ್ಪ ಹೊತ್ತು ಜೇಬಿನಲ್ಲಿದ್ದ ಬೀಗದ ಕೈಯನ್ನು ತಡವಿದರು. "ಆ ಪೆಟ್ಟಿಗೆ" ಎಂದರು, ಹೆಂಡತಿಯ ಮುಖ ನೋಡದೆ. "ಕಾರಲ್ಲೇ ಇರ್ಲಾ? ಇಲ್ಲ ಮೇಲಕ್ಕೆ ತರ್ಲಾ?"

ಸರ್ವಮಂಗಳಮ್ಮ ಮೆಟ್ಟಿಲ ಮೇಲೆ ನಿಂತು ಸೆರಗು ಹಿಂಡುತ್ತಿದ್ದರು.

"ತನ್ನಿ" ಎಂದರು. "ಒಣ ಸೀರೆಯೆಲ್ಲ ಅದರಲ್ಲೇ ಇದೆ."